ಗಣಿತದ ಅಚ್ಚಿನಲ್ಲಿ ಖಾಲಿ ಜಾಗದ ಲೆಕ್ಕ

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿ ಗೋಷ್ಠಿಯಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಾಠ)



ಗಣಿತದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘಟಕರು ಕೇಳಿದಾಗ, ಗಣಿತವನ್ನು ಬಿಡಿಸುವುದರ ಬಗ್ಗೆ ಅಲ್ಲ, ಗಣಿತವನ್ನು ಅಚ್ಚು ಹಾಕುವುದರ ಬಗ್ಗೆ ಮಾತನಾಡುತ್ತೇನೆ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಇದರಲ್ಲಿ ಮಾತನಾಡುವುದೇನಿದೆ ಎಂದು ತಮಗೂ ಅನಿಸಬಹುದು. ಅಂಕಿ, ಅಕ್ಷರ, ಚಿಹ್ನೆ ಇವುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಆಯಿತಲ್ಲ? ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ತಿಳಿಸಲು ನನ್ನದೇ ಒಂದು ತಪ್ಪನ್ನು ಮೊದಲು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಹದಿಮೂರು ಎಂದು ಬರೆದ ಹುಡುಗಿ

2004ರ ಸುಮಾರಿನ ಮಾತು. ನಮ್ಮ ಭಾಗದ ಕೆಲವು ಪ್ರೌಢಶಾಲೆಗಳು ಕೂಡಿ ಹತ್ತನೆಯ ತರಗತಿಯ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಿದ್ದವು. ಗಣಿತದ ಪ್ರಶ್ನೆಪತ್ರಿಕೆಯ ಹೊಣೆ ನನ್ನದು. ಆಗ ತಾನೇ ಡಿ.ಟಿ.ಪಿ. ಕಲಿತಿದ್ದ ಹುಮ್ಮಸ್ಸಿನಲ್ಲಿ ಪತ್ರಿಕೆಯನ್ನು ನಾನೇ ಟೈಪ್ ಮಾಡಿ ಪುಟ ಕಟ್ಟಿದೆ. ನನ್ನ ಬಳಿ ಇದ್ದ ತಂತ್ರಾಂಶದಲ್ಲಿ ವರ್ಗಮೂಲದ ಚಿಹ್ನೆ ಒಂದು ಅಕ್ಷರವಾಗಿ ಸಿಗುತ್ತಿತ್ತು. ಅದರ ಮೇಲಿನ ಅಡ್ಡಗೆರೆಯನ್ನು ಮಾತ್ರ ಮೌಸ್ ಹಿಡಿದು ಬೇರೆಯಾಗಿ ಎಳೆಯಬೇಕಾಗಿತ್ತು. ಒಂದು ಅಂಕದ ಪ್ರಶ್ನೆ ಹೀಗಿತ್ತು: 16 + 9, ಇವೆರಡನ್ನೂ ಗೆರೆಯ ಕೆಳಗೆ ಇಟ್ಟು ವರ್ಗಮೂಲ ಕೇಳಿದ್ದೆ. 16ಕ್ಕೆ 9 ಕೂಡಿಸಿದರೆ 25, ಅದರ ವರ್ಗಮೂಲ 5. ಉತ್ತರಸೂಚಿಯಲ್ಲಿ 5 ಎಂದೇ ಬರೆದೆ.

ಪತ್ರಿಕೆ ಅಚ್ಚಿಗೆ ಹೋಗುವ ಮುನ್ನಾ ರಾತ್ರಿ ಅದೇ ಸಾಲಿನ ಆರಂಭದಲ್ಲಿ ಒಂದು ಸಣ್ಣ ಪದ ಬಿಟ್ಟುಹೋಗಿದ್ದು ಕಂಡಿತು. ಸೇರಿಸಿದೆ. ಸಾಲು ಬಲಕ್ಕೆ ಸರಿಯಿತು. ನಾನು ಎಳೆದಿದ್ದ ಗೆರೆ ಮಾತ್ರ ಇದ್ದಲ್ಲಿಯೇ ಉಳಿಯಿತು. 16ರ ಮೇಲೆ ಗೆರೆ, 9ರ ಮೇಲೆ ಬಯಲು. ನಾನು ಅದನ್ನು ಗಮನಿಸಲಿಲ್ಲ. ಗೆರೆ 16ರ ಮೇಲೆ ಮಾತ್ರ ಇದ್ದರೆ ಅದರ ಅರ್ಥವೇ ಬೇರೆ: 16ರ ವರ್ಗಮೂಲ 4, ಅದಕ್ಕೆ 9 ಕೂಡಿಸಿದರೆ 13.

ಪರೀಕ್ಷೆ ಮುಗಿದು ಉತ್ತರಪತ್ರಿಕೆ ಕೊಟ್ಟ ದಿನ ಮುಂಡರಗಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. 13 ಎಂದು ಬರೆದಿದ್ದಳು, ನಾನು ಕೆಂಪು ಗೆರೆ ಹೊಡೆದಿದ್ದೆ. “ಸರ್, ಗೆರಿ 16ರ ಮ್ಯಾಗ ಅಷ್ಟ ಐತ್ರಿ. 9 ಹೊರಗ ಐತ್ರಿ” ಎಂದಳು. ಉಳಿದವರೆಲ್ಲ 5 ಬರೆದಿದ್ದಾರಲ್ಲ ಎಂದು ನಾನು ಹೇಳಲು ಹೋದೆ. ಆದರೆ ಪ್ರಶ್ನೆಪತ್ರಿಕೆ ತೆಗೆದು ನೋಡಿದಾಗ ಬಾಯಿ ಕಟ್ಟಿತು. ಉಳಿದ ಮಕ್ಕಳು ನನ್ನ ಮನಸ್ಸಿನಲ್ಲಿದ್ದುದನ್ನು ಊಹಿಸಿ ಬರೆದಿದ್ದರು. ಆಕೆ ಮಾತ್ರ ಅಚ್ಚಾದುದನ್ನು ಓದಿ ಬರೆದಿದ್ದಳು. ಆಕೆಗೆ ಅಂಕ ಕೊಟ್ಟೆ. ಆದರೆ ಬೇರೆ ಶಾಲೆಗಳಲ್ಲಿ ಆಕೆಯಂತೆ ಸರಿಯಾಗಿ ಓದಿ 13 ಬರೆದು, ಎದ್ದು ನಿಂತು ಕೇಳಲಾರದೆ ಸುಮ್ಮನೆ ಕುಳಿತ ಮಕ್ಕಳು ಎಷ್ಟೋ. ಅವರಿಗೆ ನಾನು ಇಂದಿಗೂ ಸಾಲಗಾರ. ಆ ದಿನದಿಂದ ಗಣಿತದ ಅಚ್ಚಿನಲ್ಲಿ ಗೆರೆಯ ಅಗಲ, ಅಕ್ಷರಗಳ ನಡುವಿನ ಬಿಡುವು ಇವನ್ನು ಅಲಂಕಾರವೆಂದು ನಾನು ಎಂದೂ ತಿಳಿದಿಲ್ಲ.

ಗೆರೆಯ ಉದ್ದದಲ್ಲಿ ಅರ್ಥ

ಗಣಿತ ಎಂದಾಕ್ಷಣ ಚಿಹ್ನೆಗಳು ನೆನಪಾಗುತ್ತವೆ. ಆದರೆ ಬಹಳ ಕಾಲ ಗಣಿತಕ್ಕೆ ಚಿಹ್ನೆಗಳೇ ಇರಲಿಲ್ಲ. ಒಂಬತ್ತನೆಯ ಶತಮಾನದ ಆರಂಭದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿಯವರ ಗ್ರಂಥದ ‘ಅಲ್-ಜಬ್ರ್’ ಎಂಬ ಪದದಿಂದಲೇ ‘ಆಲ್ಜೀಬ್ರಾ’ ಎಂಬ ಹೆಸರು ಬಂದಿತು. ಆ ಗ್ರಂಥದಲ್ಲಿ ಸಮೀಕರಣಗಳೆಲ್ಲವೂ ಮಾತಿನಲ್ಲಿಯೇ ಇವೆ. ಅದಾದ ಕೆಲವು ದಶಕಗಳಿಗೆ, ಕ್ರಿ.ಶ. 850ರ ಸುಮಾರಿಗೆ, ನಮ್ಮ ನಾಡಿನಲ್ಲಿ ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತ ಪದ್ಯಗಳಲ್ಲಿ ಬರೆದರು. ಅದೇ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಊರುಗಳನ್ನು ಹೇಳುವಾಗ ನಮ್ಮ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಹೆಸರಿಸುತ್ತದೆ. ಲಕ್ಷ್ಮೇಶ್ವರದ ಮಕ್ಕಳು ತಮ್ಮೂರಿನ ಹಳೆಯ ಶಾಸನಗಳನ್ನು ನೋಡಿರಬಹುದು. ಕಲ್ಲಿನ ಮೇಲೆ ಅಕ್ಷರಗಳು ಪದಪದಗಳ ನಡುವೆ ಬಿಡುವಿಲ್ಲದೆ ಸಾಲಾಗಿ ಹರಿಯುತ್ತವೆ. ಭಾಷೆ ಬಲ್ಲವರು ಅದನ್ನು ಬಿಡಿಸಿ ಓದಿಕೊಳ್ಳುತ್ತಾರೆ. ಮಾತಿಗೆ ಅಷ್ಟು ಸಾಕು.

ಚಿಹ್ನೆಗಳು ಬಂದ ಮೇಲೆ ಅಷ್ಟು ಸಾಲದಾಯಿತು. ಭಿನ್ನರಾಶಿಯನ್ನೇ ನೋಡಿ. ಭಾರತದಲ್ಲಿ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುವ ಪದ್ಧತಿ ಹಳೆಯದು. ಆದರೆ ನಡುವೆ ಗೆರೆ ಇರಲಿಲ್ಲ. 1881ರಲ್ಲಿ ಪೇಶಾವರದ ಹತ್ತಿರ ದೊರೆತ ಬಖ್‌ಶಾಲಿ ಹಸ್ತಪ್ರತಿಯಲ್ಲಿ ಹೀಗೆ ಬರೆದ ಸಂಖ್ಯೆಗಳ ಸುತ್ತ ಗೆರೆ ಎಳೆದು ಪೆಟ್ಟಿಗೆಗಳಲ್ಲಿ ಕೂಡಿಸಿದ್ದಾರೆ. ಒಂದು ಸಂಖ್ಯೆಯ ಗುಂಪು ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂದು ತೋರಿಸುವ ಉಪಾಯ ಅದು. ಅಂಶ ಮತ್ತು ಛೇದಗಳ ನಡುವೆ ಅಡ್ಡಗೆರೆ ಎಳೆಯುವುದು ಹನ್ನೆರಡನೆಯ ಶತಮಾನದಲ್ಲಿ ಮಗ್ರಿಬ್ ಅಂದರೆ ಆಫ್ರಿಕದ ವಾಯವ್ಯ ಭಾಗದ ಗಣಿತಜ್ಞ ಅಲ್-ಹಸ್ಸಾರ್ ಅವರ ಬರಹದಲ್ಲಿ ಕಾಣುತ್ತದೆ. 1202ರಲ್ಲಿ ಇಟಲಿಯ ಫಿಬೊನಾಚ್ಚಿಯ ಪುಸ್ತಕದಲ್ಲಿಯೂ ಅದೇ ಗೆರೆ ಇದೆ.

ಈ ಗೆರೆಯ ಉದ್ದ ಎಷ್ಟು ಮುಖ್ಯ ಎಂದು ಹಲಗೆಯ ಮೇಲೆ ನೋಡಿ. ಮೇಲೆ 12, ಕೆಳಗೆ 2 + 4, ಗೆರೆ ಕೆಳಗಿನ ಎರಡೂ ಸಂಖ್ಯೆಗಳನ್ನು ಆವರಿಸಿದೆ. ಉತ್ತರ 2. ಈಗ ಗೆರೆಯನ್ನು ಮೊಟಕು ಮಾಡಿ 2ರ ಮೇಲಷ್ಟೇ ಇಟ್ಟು 4ನ್ನು ಪಕ್ಕಕ್ಕೆ ತಂದರೆ ಉತ್ತರ 10.

ವರ್ಗಮೂಲದ್ದೂ ಇದೇ ಕಥೆ. ಈಗಿನ ರೂಪದ ಚಿಹ್ನೆ 1525ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಕ್ರಿಸ್ಟಾಫ್ ರುಡಾಲ್ಫ್ ಅವರ ಪುಸ್ತಕದಲ್ಲಿ ಮೊದಲು ಅಚ್ಚಾಯಿತು. ಅದಕ್ಕೆ ಮೇಲಿನ ಗೆರೆ ಇರಲಿಲ್ಲ. 1637ರಲ್ಲಿ ಫ್ರಾನ್ಸಿನ ಡೆಕಾರ್ಟೆ ಗೆರೆಯನ್ನು ಚಿಹ್ನೆಗೆ ಕೂಡಿಸಿದರು. ಮೂಲದ ಆಳ್ವಿಕೆ ಎಲ್ಲಿಯವರೆಗೆ ಎಂದು ಹೇಳುವುದೇ ಆ ಗೆರೆಯ ಕೆಲಸ. ನನ್ನ ಪ್ರಶ್ನೆಪತ್ರಿಕೆಯಲ್ಲಿ ತಪ್ಪಿದ್ದು ಇದೇ ಗೆರೆ.

ಸೀಸದ ಮೊಳೆಗಳು

ನಮ್ಮ ಗದಗ-ಬೆಟಗೇರಿ ಮುದ್ರಣಕ್ಕೂ ನೇಕಾರಿಕೆಗೂ ಹೆಸರಾದ ಅವಳಿ ಪಟ್ಟಣ. ನಾನು ಕಾಲೇಜು ಓದುವಾಗ ರಜೆಯಲ್ಲಿ ಒಂದು ಮುದ್ರಣಾಲಯಕ್ಕೆ ಪ್ರೂಫ್ ನೋಡಲು ಹೋಗುತ್ತಿದ್ದೆ. ಅಲ್ಲೊಬ್ಬ ಹಿರಿಯ ಕಂಪೋಸಿಟರ್ ಇದ್ದರು, ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆಗಳನ್ನು ಒಂದೊಂದಾಗಿ ಆಯ್ದು ಕೈಯಲ್ಲಿನ ಸ್ಟಿಕ್ಕಿನಲ್ಲಿ ಜೋಡಿಸುತ್ತಿದ್ದರು. ಅಕ್ಷರವಿರುವ ಮೊಳೆಗಳಂತೆಯೇ ಅಕ್ಷರವಿಲ್ಲದ ಮೊಳೆಗಳೂ ಇದ್ದವು. ಅವು ತುಸು ಗಿಡ್ಡ. ಆದ್ದರಿಂದ ಮಸಿ ತಗಲುತ್ತಿರಲಿಲ್ಲ, ಕಾಗದದ ಮೇಲೆ ಖಾಲಿ ಜಾಗವಾಗಿ ಉಳಿಯುತ್ತಿದ್ದವು. ಮೊಳೆಯ ಎತ್ತರದಷ್ಟೇ ಅಗಲವಿರುವ ಚೌಕಕ್ಕೆ ಎಮ್ ಕ್ವಾಡ್ ಎನ್ನುತ್ತಿದ್ದರು. ಉಳಿದ ಬಿಡುವುಗಳೆಲ್ಲ ಅದರ ಭಾಗಗಳು.

ಭಿನ್ನರಾಶಿ ಬಂದರೆ ಕಾಕಾ ಹಿತ್ತಾಳೆಯ ಪಟ್ಟಿಯನ್ನು ಅಳೆದು ಕತ್ತರಿಸುತ್ತಿದ್ದರು, ಮೇಲೆ ಕೆಳಗೆ ಅಂಕಿ ಇಟ್ಟು ಎರಡೂ ಪಕ್ಕ ಖಾಲಿ ಮೊಳೆ ತುಂಬಿ ಬಿಗಿ ಮಾಡುತ್ತಿದ್ದರು. ಒಂದು ಕೂದಲೆಳೆಯಷ್ಟು ಸಡಿಲವಿದ್ದರೂ ಮಷಿನ್ ಓಡುವಾಗ ಮೊಳೆ ಎದ್ದು ಬರುತ್ತಿತ್ತು. “ತಮ್ಮಾ, ಅಕ್ಷರ ಜೋಡಸೋದು ಎಲ್ಲಾರಿಗೂ ಬರ್ತದ. ಖಾಲಿ ಜಾಗಾ ಜೋಡಸೋದು ಕಲೀಬೇಕು” ಎನ್ನುತ್ತಿದ್ದರು. ಅವರ ಕಾಲದಲ್ಲಿ ಖಾಲಿ ಜಾಗ ಕೈಗೆ ಸಿಗುವ, ತೂಕವಿರುವ ವಸ್ತುವಾಗಿತ್ತು. ನನ್ನ ಕಾಲಕ್ಕೆ ಅದು ಸ್ಪೇಸ್ ಬಾರ್ ಒತ್ತಿದರೆ ಹುಟ್ಟುವ, ಎಷ್ಟೆಂದು ಯಾರೂ ಕೇಳದ ವಸ್ತುವಾಯಿತು. ತಪ್ಪು ಅಲ್ಲಿಯೇ ಶುರುವಾಯಿತು.

ಬೆಟಗೇರಿಯ ನೇಕಾರರ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದಲ್ಲಿ ಹಣಿಗೆಯ ಹಲ್ಲುಗಳ ನಡುವಿನ ಸಂದಿಯೇ ಎಳೆಗಳ ಅಂತರವನ್ನು ಕಾಯುತ್ತದೆ, ಬಟ್ಟೆಯ ಅಗಲವನ್ನೂ ಕಾಯುತ್ತದೆ. ಎಳೆ ಎಷ್ಟು ಮುಖ್ಯವೋ ಸಂದಿಯೂ ಅಷ್ಟೇ ಮುಖ್ಯ.

ಕನೂತ್ ಅವರ ಪೆಟ್ಟಿಗೆಗಳು

ಕಾಕಾ ಕೈಯಿಂದ ಮಾಡುತ್ತಿದ್ದ ಲೆಕ್ಕವನ್ನು ಗಣಕಯಂತ್ರಕ್ಕೆ ಕಲಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್. ಅವರ ಪುಸ್ತಕದ ಮೊದಲ ಮುದ್ರಣಗಳು ಸೀಸದ ಮೊಳೆಯಲ್ಲಿ ಆಗಿದ್ದವು. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡು ಬಂದಾಗ ಅದನ್ನು ಹೊಸ ಫೋಟೋ ಪದ್ಧತಿಯಲ್ಲಿ ಜೋಡಿಸಿದ್ದರು. ಅದರ ರೂಪ ಕನೂತ್ ಅವರಿಗೆ ಒಪ್ಪಿಗೆಯಾಗಲಿಲ್ಲ. ತಾವೇ ಒಂದು ತಂತ್ರಾಂಶ ಬರೆಯಲು ಕುಳಿತರು. ಅದೇ ‘ಟೆಕ್’. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬವರು ಅದರ ಮೇಲೆ ‘ಲೇಟೆಕ್’ ಎಂಬ ಸುಲಭ ಪದ್ಧತಿಯನ್ನು ಕಟ್ಟಿದರು. ಇವೆರಡೂ ಉಚಿತ. ಇಂದು ಜಗತ್ತಿನ ಗಣಿತ ಸಂಶೋಧನಾ ಲೇಖನಗಳಲ್ಲಿ ಬಹುಪಾಲು ಸಿದ್ಧವಾಗುವುದು ಇವುಗಳಲ್ಲಿಯೇ.

ಟೆಕ್‌ನ ಮೂಲ ಕಲ್ಪನೆ ಬಹಳ ಸರಳ. ಪುಟದ ಮೇಲಿರುವ ಪ್ರತಿಯೊಂದು ವಸ್ತುವೂ ಒಂದು ಪೆಟ್ಟಿಗೆ, ಅಂದರೆ ಬಾಕ್ಸ್. ಒಂದು ಅಕ್ಷರ ಒಂದು ಪೆಟ್ಟಿಗೆ, ಒಂದು ಭಿನ್ನರಾಶಿ ಒಂದು ಪೆಟ್ಟಿಗೆ, ಇಡೀ ಸಾಲು ಒಂದು ಪೆಟ್ಟಿಗೆ. ಪ್ರತಿ ಪೆಟ್ಟಿಗೆಗೆ ಮೂರು ಅಳತೆ: ಅಗಲ, ಸಾಲಿನ ಮಟ್ಟದಿಂದ ಮೇಲಕ್ಕೆ ಎತ್ತರ, ಮಟ್ಟದಿಂದ ಕೆಳಕ್ಕೆ ಆಳ. ಪೆಟ್ಟಿಗೆಗಳ ನಡುವೆ ಹಿಗ್ಗುವ ಕುಗ್ಗುವ ಬಿಡುವು. ಕನೂತ್ ಅದನ್ನು ಅಂಟು ಎಂದು ಕರೆದರು, ಆದರೆ ಸ್ಪ್ರಿಂಗ್ ಎಂದುಕೊಂಡರೆ ನಮಗೆ ಬೇಗ ತಿಳಿಯುತ್ತದೆ. ಒಂದು ಅಂಗುಲದಲ್ಲಿ 72.27 ಪಾಯಿಂಟುಗಳು, ಒಂದು ಪಾಯಿಂಟಿನಲ್ಲಿ 65,536 ಸೂಕ್ಷ್ಮ ಭಾಗಗಳು. ಇಷ್ಟು ನಯವಾದ ಅಳತೆಯಲ್ಲಿ ಅದು ಲೆಕ್ಕ ಹಾಕುತ್ತದೆ. ವರ್ಗಮೂಲದ ಗೆರೆಯನ್ನು ನಾವು ಎಳೆಯುವುದೇ ಇಲ್ಲ. ಯಾವುದರ ಮೂಲ ಎಂದು ಹೇಳಿದರೆ ಸಾಕು, ಆ ಪೆಟ್ಟಿಗೆಯ ಅಗಲವನ್ನು ಅಳೆದು ಗೆರೆಯನ್ನು ಅದೇ ಎಳೆಯುತ್ತದೆ. ಸಾಲು ಸರಿದರೆ ಗೆರೆಯೂ ಜೊತೆಗೆ ಸರಿಯುತ್ತದೆ. 2004ರಲ್ಲಿ ನನಗೆ ಇದು ಗೊತ್ತಿದ್ದರೆ ಆ ಹುಡುಗಿ ನನ್ನ ಮೇಜಿನ ಹತ್ತಿರ ಬರುವ ಪ್ರಸಂಗವೇ ಇರುತ್ತಿರಲಿಲ್ಲ.

ಬಿಡುವಿನ ಮೂರು ಅಳತೆಗಳು

ಕ್ವಾಡ್ ಎಂಬ ಹಳೆಯ ಮೊಳೆಯ ಹೆಸರನ್ನು ಕನೂತ್ ಹಾಗೆಯೇ ಉಳಿಸಿಕೊಂಡರು. ಗಣಿತದ ಬಿಡುವುಗಳಿಗಾಗಿ ಒಂದು ಕ್ವಾಡನ್ನು 18 ಪಾಲು ಮಾಡಿದರು. ಅದರಲ್ಲಿ 3 ಪಾಲು ಸಣ್ಣ ಬಿಡುವು, 4 ಪಾಲು ನಡುವಿನ ಬಿಡುವು, 5 ಪಾಲು ದೊಡ್ಡ ಬಿಡುವು. ಅಲ್ಪವಿರಾಮದ ನಂತರ, ಸೈನ್, ಲಾಗ್ ಮುಂತಾದವುಗಳ ನಂತರ ಸಣ್ಣದು. ಕೂಡಿಸುವ, ಕಳೆಯುವ ಚಿಹ್ನೆಗಳ ಎರಡೂ ಪಕ್ಕ ನಡುವಿನದು. ಸಮಚಿಹ್ನೆಯ ಎರಡೂ ಪಕ್ಕ ದೊಡ್ಡದು. ಸಾಲು ಇಕ್ಕಟ್ಟಾದಾಗ ಕೂಡುವ ಚಿಹ್ನೆಯ ಪಕ್ಕದ ಬಿಡುವು ಕುಗ್ಗಬಹುದು. ಸಮಚಿಹ್ನೆಯ ಪಕ್ಕದ್ದು ಹಿಗ್ಗಬಹುದೇ ಹೊರತು ಕುಗ್ಗುವುದಿಲ್ಲ. ಸಮೀಕರಣದ ಎಡ ಮತ್ತು ಬಲ ಎಂಬ ಎರಡು ಮನೆಗಳ ನಡುವಿನ ಗೋಡೆ ಅದು.

ಇನ್ನೊಂದು ಸೂಕ್ಷ್ಮ. 7 − 3 ಎಂಬಲ್ಲಿನ ಮೈನಸ್ ಕಳೆಯುವ ಚಿಹ್ನೆ. −3 ಎಂಬಲ್ಲಿನ ಮೈನಸ್ ಋಣ ಚಿಹ್ನೆ. ಮೊದಲನೆಯದಕ್ಕೆ ಎರಡೂ ಕಡೆ ಬಿಡುವು ಬೇಕು, ಎರಡನೆಯದು 3ಕ್ಕೆ ಅಂಟಿಕೊಂಡಿರಬೇಕು. ಎಡಕ್ಕೆ ಸಂಖ್ಯೆ ಇದೆಯೋ ಇಲ್ಲವೋ ಎಂದು ನೋಡಿ ಟೆಕ್ ತಾನೇ ತೀರ್ಮಾನಿಸುತ್ತದೆ. ಆದ್ದರಿಂದಲೇ ಗಣಿತದ ಭಾಗದಲ್ಲಿ ನಾವು ಸ್ಪೇಸ್ ಬಾರ್ ಎಷ್ಟು ಸಲ ಒತ್ತಿದರೂ ಅದು ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ಇದನ್ನು ಕಂಡು ಹೊಸಬರಿಗೆ ಸಿಟ್ಟು ಬರುತ್ತದೆ. ಆದರೆ ಅದು ಹೇಳುವುದು ಇಷ್ಟೇ: ಬಿಡುವು ಬೇಕಾದರೆ ಎಷ್ಟು ಎಂದು ಅಳತೆ ಹೇಳು.

ನಮ್ಮ ನಿತ್ಯದ ಕೆಲಸದಲ್ಲಿ

ಈಗ ತಮಗೆ ಉಪಯೋಗಕ್ಕೆ ಬರುವ ಐದು ಸಂಗತಿಗಳನ್ನು ಹೇಳುತ್ತೇನೆ. ಆದೇಶಗಳ ಇಂಗ್ಲಿಷ್ ಕಾಗುಣಿತವನ್ನು ಹಲಗೆಯ ಮೇಲೆ ಬರೆದಿದ್ದೇನೆ, ಬೇಕಾದವರು ಗುರುತು ಹಾಕಿಕೊಳ್ಳಿ.

ಮೊದಲನೆಯದು ನಮ್ಮ ಲಕ್ಷದ ಅಲ್ಪವಿರಾಮ. ಬಡ್ಡಿಯ ಲೆಕ್ಕದಲ್ಲಿ 1,25,000 ಎಂದು ಗಣಿತದ ಭಾಗದಲ್ಲಿ ಟೈಪ್ ಮಾಡಿದರೆ ಪ್ರತಿ ಅಲ್ಪವಿರಾಮದ ನಂತರ ಸಣ್ಣ ಬಿಡುವು ಬಂದು, 1 ಬೇರೆ, 25 ಬೇರೆ, 000 ಬೇರೆ ಎಂಬಂತೆ ಕಾಣುತ್ತದೆ. ಮೂರು ಸಂಖ್ಯೆಗಳ ಪಟ್ಟಿಯೋ ಒಂದೇ ಸಂಖ್ಯೆಯೋ ಎಂದು ಮಗು ಗೊಂದಲಕ್ಕೆ ಬೀಳುತ್ತದೆ. ಅಲ್ಪವಿರಾಮವನ್ನು ಪುಷ್ಪಾವರಣದೊಳಗೆ ಇಟ್ಟರೆ ಅದು ಸಾಮಾನ್ಯ ಪೆಟ್ಟಿಗೆಯಾಗಿ ಬಿಡುವು ಹೋಗುತ್ತದೆ.

ಎರಡನೆಯದು ಕಾಣದ ಪೆಟ್ಟಿಗೆ. ಎರಡು ಸಮೀಕರಣಗಳನ್ನು ಒಂದರ ಕೆಳಗೆ ಒಂದು ಬರೆಯಬೇಕು: ಮೇಲೆ 2 ಎಕ್ಸ್ + 3 ವೈ = 13, ಕೆಳಗೆ 5 ವೈ = 15. ಕೆಳಗಿನದರಲ್ಲಿ ಎಕ್ಸ್ ಇಲ್ಲ. ವೈ ಕೆಳಗೆ ವೈ ಬರಬೇಕು. ಸ್ಪೇಸ್ ಒತ್ತಿ ಸರಿಸಿದರೆ ಬೇರೆ ಅಕ್ಷರಶೈಲಿಗೆ ಹೋದ ತಕ್ಷಣ ಎಲ್ಲ ಕದಡುತ್ತದೆ. ಇದಕ್ಕೆ ‘ಎಚ್‌ಫ್ಯಾಂಟಮ್’ ಎಂಬ ಆದೇಶವಿದೆ. ಫ್ಯಾಂಟಮ್ ಎಂದರೆ ಭೂತ. 2 ಎಕ್ಸ್ ಎಂಬುದನ್ನು ಅದರೊಳಗೆ ಬರೆದರೆ ಅಕ್ಷರ ಕಾಣುವುದಿಲ್ಲ, ಅದರ ಅಗಲ ಮಾತ್ರ ಉಳಿಯುತ್ತದೆ. ಮಧ್ಯದ ಕೂಡುವ ಚಿಹ್ನೆಗೂ ಹಾಗೆಯೇ ಮಾಡಬೇಕು. ನಮ್ಮ ಕಾಕಾ ಅವರ ಮಸಿ ತಗಲದ ಮೊಳೆಯೇ ಇದು, ಹೆಸರು ಮಾತ್ರ ಹೊಸದು. ಕೋಷ್ಟಕದಲ್ಲಿ ಋಣ ಸಂಖ್ಯೆಗಳ ಕೆಳಗೆ ಧನ ಸಂಖ್ಯೆ ಬಂದಾಗ ಕಾಣದ ಮೈನಸ್ ಒಂದನ್ನು ಇಟ್ಟರೆ ಅಂಕಿಗಳು ನೇರವಾಗಿ ನಿಲ್ಲುತ್ತವೆ.

ಮೂರನೆಯದು ಬಿಟ್ಟ ಸ್ಥಳ. “ಖಾಲಿ ಬಿಟ್ಟ ಸ್ಥಳವನ್ನು ತುಂಬಿರಿ” ಎಂಬ ಪ್ರಶ್ನೆಯಲ್ಲಿ ಉತ್ತರದ ಉದ್ದಕ್ಕೆ ತಕ್ಕಂತೆ ಗೆರೆ ಎಳೆದರೆ ಜಾಣ ಮಗು ಗೆರೆಯನ್ನು ನೋಡಿಯೇ ಒಂದಂಕಿಯೋ ಮೂರಂಕಿಯೋ ಊಹಿಸುತ್ತದೆ. ಇನ್ನು ಕೆಲವು ಪತ್ರಿಕೆಗಳಲ್ಲಿ ಪೆಟ್ಟಿಗೆ ಎಷ್ಟು ಚಿಕ್ಕದೆಂದರೆ ಮಗುವಿನ ಕೈಬರಹ ಅದರಲ್ಲಿ ಹಿಡಿಸುವುದೇ ಇಲ್ಲ. ‘ಫ್ರೇಮ್‌ಬಾಕ್ಸ್’ ಎಂಬ ಆದೇಶಕ್ಕೆ 2 ಸೆಂ.ಮೀ. ಎಂದು ಅಗಲ ಹೇಳಿದರೆ ಎಲ್ಲ ಪೆಟ್ಟಿಗೆಗಳೂ ಒಂದೇ ಅಗಲ ಬರುತ್ತವೆ. ಪರೀಕ್ಷೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ನ್ಯಾಯ ಎಂಬುದು ಇಂಥ ಸಣ್ಣ ಅಳತೆಯಲ್ಲಿಯೂ ಇದೆ.

ನಾಲ್ಕನೆಯದು ನಮ್ಮ ಕನ್ನಡದ ಒತ್ತಕ್ಷರ. ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಿನ ಕೆಳಗೆ ಇಳಿಯುವವು ಕೆಲವೇ. ನಮ್ಮಲ್ಲಿ ಒತ್ತು ಬಂದರೆ ಆಳ ಬೇಕೇ ಬೇಕು. ಸರಾಸರಿಯ ಸೂತ್ರ ನೋಡಿ: ಮೇಲೆ ‘ಪ್ರಾಪ್ತಾಂಕಗಳ ಮೊತ್ತ’, ಕೆಳಗೆ ‘ಪ್ರಾಪ್ತಾಂಕಗಳ ಸಂಖ್ಯೆ’. ಇದನ್ನು ಸಾಲಿನ ಮಧ್ಯದಲ್ಲಿ ಭಿನ್ನರಾಶಿಯಾಗಿ ಇಟ್ಟರೆ ಮೇಲಿನ ಒತ್ತುಗಳು ಗೆರೆಗೆ ತೀರ ಹತ್ತಿರ ಬಂದು, ಜೆರಾಕ್ಸ್ ಆದ ಮೇಲೆ ಗೆರೆಯಲ್ಲಿ ಕೂಡಿಹೋಗುತ್ತವೆ. ‘ಸ್ಟ್ರಟ್’ ಎಂಬುದು ಅಗಲವಿಲ್ಲದ, ಎತ್ತರ ಮತ್ತು ಆಳ ಮಾತ್ರ ಇರುವ ಕಾಣದ ಕಂಬ. ಅದನ್ನು ಅಂಶದಲ್ಲಿ ನಿಲ್ಲಿಸಿದರೆ ಗೆರೆ ತುಸು ದೂರ ಸರಿಯುತ್ತದೆ. ಅದರ ಆಳ ಸಾಲದಿದ್ದರೆ ಬೇಕಾದಷ್ಟು ಆಳದ ಕಂಬವನ್ನು ನಾವೇ ಮಾಡಿಕೊಳ್ಳಬಹುದು. ಗೆರೆಯ ಉದ್ದದ ಚಿಂತೆ ಬೇಡ, ಅಂಶ ಮತ್ತು ಛೇದಗಳಲ್ಲಿ ಯಾವುದು ಅಗಲವೋ ಅದಕ್ಕೆ ತಕ್ಕಂತೆ ಅದು ತಾನೇ ಬೆಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಕನ್ನಡ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಇಟ್ಟಿದ್ದರು. ಪುಟವನ್ನೆಲ್ಲ ಆಯ್ಕೆ ಮಾಡಿ ಕನ್ನಡ ಅಕ್ಷರಶೈಲಿ ಕೊಟ್ಟರೆ ಸೂತ್ರದ ಎಕ್ಸ್ ಮತ್ತು ವೈಗಳು ಅರ್ಥವಿಲ್ಲದ ಕನ್ನಡ ತುಣುಕುಗಳಾಗುತ್ತಿದ್ದವು. ಯೂನಿಕೋಡ್ ಬಂದ ಮೇಲೆ ಆ ತೊಂದರೆ ಇಲ್ಲ. 2004ರಲ್ಲಿ ಜೊನಾಥನ್ ಕ್ಯೂ ಅವರು ಹೊರತಂದ ‘ಜೀಟೆಕ್’ ಯೂನಿಕೋಡ್ ಕನ್ನಡವನ್ನೂ ಗಣಿತವನ್ನೂ ಒಂದೇ ಪುಟದಲ್ಲಿ ಸರಿಯಾಗಿ ಕೂಡಿಸುತ್ತದೆ. ಹಳೆಯ ಕಡತಗಳನ್ನು ಮಾತ್ರ ಯೂನಿಕೋಡಿಗೆ ತಿರುಗಿಸಿಯೇ ಬಳಸಬೇಕು.

ಐದನೆಯದು ಉರ್ದು ಮಾಧ್ಯಮದ ಶಿಕ್ಷಕರು ಮತ್ತು ವಿದ್ಯಾರ್ಥಿಗಳಿಗೆ ಬಹಳ ಮುಖ್ಯವಾದದ್ದು. ನಮ್ಮ ಉರ್ದು ಗಣಿತ ಪುಸ್ತಕಗಳಲ್ಲಿ ವಾಕ್ಯ ಬಲದಿಂದ ಎಡಕ್ಕೆ ಹೋಗುತ್ತದೆ, ಸೂತ್ರ ಎಡದಿಂದ ಬಲಕ್ಕೆ ಬರುತ್ತದೆ. ಸಾಮಾನ್ಯ ತಂತ್ರಾಂಶದಲ್ಲಿ ಉರ್ದು ವಾಕ್ಯದ ನಡುವೆ 10 − 4 ಎಂದು ಬಿಡುವು ಕೊಟ್ಟು ಟೈಪ್ ಮಾಡಿ ನೋಡಿ. ಎರಡು ಸಂಖ್ಯೆಗಳೂ ವಾಕ್ಯದ ದಿಕ್ಕನ್ನು ಹಿಡಿದು ಅದಲು ಬದಲಾಗಿ, ಕಾಗದದ ಮೇಲೆ ಎಡದಿಂದ 4 − 10 ಎಂದು ಕಾಣುತ್ತದೆ. ಉತ್ತರ 6 ಇದ್ದದ್ದು −6 ಆಗುತ್ತದೆ. ಕೂಡುವ ಲೆಕ್ಕದಲ್ಲಿ ಇದು ಗೊತ್ತೇ ಆಗುವುದಿಲ್ಲ, ಕಳೆಯುವ ಲೆಕ್ಕದಲ್ಲಿ ಮಗುವಿನ ಅಂಕ ಹೋಗುತ್ತದೆ. ಇದಕ್ಕೂ ಪರಿಹಾರ ಪೆಟ್ಟಿಗೆಯೇ. ಇಡೀ ಸೂತ್ರವನ್ನು ಎಡದಿಂದ ಬಲಕ್ಕೆ ಓದುವ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ, ಆ ಪೆಟ್ಟಿಗೆಯನ್ನು ಉರ್ದು ಸಾಲಿನಲ್ಲಿ ಒಂದು ಪದದಂತೆ ಇಡಬೇಕು. ಬಲದಿಂದ ಎಡಕ್ಕೆ ಹೋಗುವ ಬರಹವನ್ನು ಟೆಕ್‌ನಲ್ಲಿ ಕೂಡಿಸುವ ದಾರಿಯನ್ನು ಕನೂತ್ ಮತ್ತು ಪಿಯರ್ ಮೆಕೇ ಅವರು 1987ರಲ್ಲಿಯೇ ತೋರಿಸಿದ್ದಾರೆ. ಮೊರಾಕ್ಕೋ ದೇಶದ ಅಜ್ಜೆದ್ದೀನ್ ಲಾಜ್ರೆಕ್ ಮತ್ತು ಅವರ ಸಂಗಡಿಗರು ಇನ್ನೂ ಮುಂದೆ ಹೋಗಿ, ಸೂತ್ರವೇ ಬಲದಿಂದ ಎಡಕ್ಕೆ ಸಾಗುವ ಅರಬ್ಬಿ ಗಣಿತ ಬರಹಕ್ಕೆ ವ್ಯವಸ್ಥೆ ಮಾಡಿದರು. ಅರಬ್ಬಿ ಬರಹದಲ್ಲಿ ಸಾಲನ್ನು ತುಂಬಲು ಪದಗಳ ನಡುವೆ ಬಿಡುವು ಹಿಗ್ಗಿಸುವ ಬದಲು ಅಕ್ಷರಗಳ ಜೋಡುಗೆರೆಯನ್ನೇ ಎಳೆಯುವುದುಂಟು, ಅದಕ್ಕೆ ಕಶೀದ ಎನ್ನುತ್ತಾರೆ. ಆ ಪದ್ಧತಿಯಲ್ಲಿ ಸಂಕಲನವನ್ನು ಸೂಚಿಸುವ ಚಿಹ್ನೆಯೂ ಕೆಳಗಿನ ಬರಹದ ಅಗಲಕ್ಕೆ ತಕ್ಕಂತೆ ಕಶೀದದಿಂದ ಉದ್ದವಾಗುತ್ತದೆ. ಅಗಲದ ಲೆಕ್ಕ ಎಲ್ಲ ಲಿಪಿಗೂ ಇದೆ, ಪ್ರತಿ ಲಿಪಿ ಅದನ್ನು ತನ್ನದೇ ರೀತಿಯಲ್ಲಿ ತೀರಿಸಿಕೊಳ್ಳುತ್ತದೆ.

ವಿದ್ಯೆಯೂ ಹೌದು, ಉದ್ಯೋಗವೂ ಹೌದು

ಇದನ್ನೆಲ್ಲ ಕಲಿತು ಏನು ಪ್ರಯೋಜನ ಎಂದು ಪಾಲಕರು ಕೇಳಬಹುದು. ಹೊರದೇಶಗಳ ವಿಜ್ಞಾನ ಪತ್ರಿಕೆಗಳ ಪುಟ ಕಟ್ಟುವ ಕೆಲಸ ಚೆನ್ನೈ, ಪುದುಚೇರಿ, ತಿರುವನಂತಪುರ, ಬೆಂಗಳೂರುಗಳಲ್ಲಿ ನಡೆಯುತ್ತಿದೆ. ತಿರುವನಂತಪುರದಲ್ಲಿ 1998ರಲ್ಲಿ ಭಾರತದ ಟೆಕ್ ಬಳಕೆದಾರರ ಸಂಘ ಆರಂಭವಾಯಿತು, 2002ರಲ್ಲಿ ಟೆಕ್ ಬಳಕೆದಾರರ ಅಂತಾರಾಷ್ಟ್ರೀಯ ಸಮ್ಮೇಳನವೂ ಅಲ್ಲಿಯೇ ನಡೆಯಿತು. ಮುದ್ರಣದ ಮನೆತನವಿರುವ ನಮ್ಮ ಗದಗಿನ ಮಕ್ಕಳಿಗೆ ಇದು ದೂರದ ವಿದ್ಯೆ ಅಲ್ಲ. ಅಜ್ಜ ಮೊಳೆ ಜೋಡಿಸಿದ್ದರೆ ಮೊಮ್ಮಗಳು ಪೆಟ್ಟಿಗೆ ಜೋಡಿಸುತ್ತಾಳೆ, ಅಷ್ಟೇ. ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ಒಂದು ಸಾಧಾರಣ ಗಣಕಯಂತ್ರ ಮತ್ತು ತಾಳ್ಮೆ ಇದ್ದರೆ ಸಾಕು. ಸಂಸ್ಥೆಯವರು ರಜೆಯಲ್ಲಿ ಹತ್ತು ದಿನದ ಒಂದು ತರಬೇತಿ ಏರ್ಪಡಿಸಿದರೆ ಕಲಿಸಲು ನಾನು ಬರುತ್ತೇನೆ ಎಂದು ಈ ವೇದಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆ ತರಬೇತಿಯ ಮೊದಲ ಫಲವಾಗಿ ನಮ್ಮ ಶಾಲೆಗಳ ಮುಂದಿನ ಗಣಿತ ಪ್ರಶ್ನೆಪತ್ರಿಕೆಗಳು ಕನ್ನಡ ಮತ್ತು ಉರ್ದು ಎರಡರಲ್ಲಿಯೂ ದೋಷವಿಲ್ಲದೆ ಹೊರಬರಲಿ.

ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ಒಂದು ಕೆಲಸ ಮನುಷ್ಯನೇ ಮಾಡಬೇಕು. ಪ್ರಶ್ನೆಪತ್ರಿಕೆ ತಯಾರಿಸಿದವರು ಬಿಟ್ಟು ಮತ್ತೊಬ್ಬರು, ಉತ್ತರಸೂಚಿ ನೋಡದೆ, ಅಚ್ಚಾದ ಪ್ರತಿಯನ್ನು ಮುಂದಿಟ್ಟುಕೊಂಡು ಎಲ್ಲ ಲೆಕ್ಕಗಳನ್ನೂ ಬಿಡಿಸಬೇಕು. ನನ್ನ ಪತ್ರಿಕೆಯನ್ನು ಒಬ್ಬರು ಹಾಗೆ ಬಿಡಿಸಿದ್ದರೆ 13 ಎಂಬ ಉತ್ತರ ಅಂದೇ ಹೊರಬೀಳುತ್ತಿತ್ತು.

ಕನೂತ್ ಅವರ ಪುಸ್ತಕದಲ್ಲಿ ತಪ್ಪು ಹುಡುಕಿ ತೋರಿಸಿದವರಿಗೆ ಅವರು 2 ಡಾಲರ್ 56 ಸೆಂಟಿನ ಚೆಕ್ ಕಳಿಸುತ್ತಿದ್ದರು. 2008ರಿಂದ ಬ್ಯಾಂಕಿನ ಚೆಕ್ಕಿನ ಬದಲು ಪ್ರಮಾಣಪತ್ರ ಕಳಿಸುತ್ತಾರೆ. ಪಡೆದವರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅಷ್ಟು ದೊಡ್ಡ ವಿದ್ವಾಂಸರು ತಮ್ಮ ತಪ್ಪು ತೋರಿಸಿದವರಿಗೆ ಕೃತಜ್ಞತೆ ಹೇಳುತ್ತಾರೆ. ನಾನು ಆ ದಿನ ಆ ಹುಡುಗಿಗೆ ಒಂದು ಅಂಕ ಕೊಟ್ಟು ಕಳಿಸಿದೆ, ಶಾಬಾಸ್ ಎನ್ನಲಿಲ್ಲ. ಮೇಷ್ಟ್ರೆಂಬ ಹಮ್ಮು ಅಡ್ಡ ಬಂದಿತು. ಇಷ್ಟು ವರ್ಷಗಳ ನಂತರ ತಮ್ಮೆಲ್ಲರ ಮುಂದೆ ಅದನ್ನು ಹೇಳುತ್ತಿದ್ದೇನೆ: ಶಾಬಾಸ್ ಮಗಳೇ, ನೀನು ಓದಿದ್ದೇ ಸರಿ.

ವಿದ್ಯಾರ್ಥಿಗಳೇ, ಮುಂದಿನ ಪರೀಕ್ಷೆಯಲ್ಲಿ ಗೆರೆ ಎಲ್ಲಿಗೆ ನಿಂತಿದೆ ಎಂದು ನೋಡಿ ಉತ್ತರ ಬರೆಯಿರಿ. ಸಂಶಯ ಬಂದರೆ ಎದ್ದು ನಿಂತು ಕೇಳಿರಿ. ಶಿಕ್ಷಕ ಮಿತ್ರರೇ, ಅವರು ಕೇಳಿದಾಗ ಮೊದಲು ಪ್ರಶ್ನೆಪತ್ರಿಕೆ ತೆಗೆದು ನೋಡೋಣ.